ರಕ್ತ ಕಾಣದ ರಕ್ತಸ್ರಾವ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಎರಡು ಸಂಚಿಕೆಗಳ ಹಿಂದೆ ಹೊಟ್ಟೆನೋವಿನ ಕುರಿತು ಬರೆಯುವಾಗ, ಯಾವ ಪೆಟ್ಟೂ ಬೀಳದೆ ಹೊಟ್ಟೆಯೊಳಗಿನ ರಕ್ತನಾಳವೋ ಅಂಗವೋ ತಾನಾಗಿಯೇ ಒಡೆದು ಪ್ರಾಣಕ್ಕೆ ಕುತ್ತು ತರಬಹುದೆಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರಗಳು ಉಳಿದ ಇಡೀ ಲೇಖನಕ್ಕೆ ಬರಲಿಲ್ಲ. ಮಂಡ್ಯ, ಮೈಸೂರು ಜಿಲ್ಲೆಗಳ ಓದುಗರು ಬರೆದ ಕೆಲವು ಪತ್ರಗಳನ್ನು ಆರಿಸಿಕೊಂಡು ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ, ಬರೆದವರ ಹೆಸರನ್ನೂ ಅವರು ಪ್ರಸ್ತಾಪಿಸಿದ ಆಸ್ಪತ್ರೆಗಳ ಹೆಸರನ್ನೂ ಕೈಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ತಂದೆಯವರಿಗೆ 71 ವರ್ಷವಾಗಿತ್ತು. ಮದ್ದೂರಿನ ಹತ್ತಿರ ನಮ್ಮ ಊರು. ಕಡೆಯ ದಿನದವರೆಗೂ ಗದ್ದೆಗೆ ಹೋಗಿ ಬರುತ್ತಿದ್ದರು. ದಿನಕ್ಕೆ ಒಂದು ಕಟ್ಟು ಬೀಡಿ ಬಿಟ್ಟರೆ ಬೇರೆ ಚಟವಿರಲಿಲ್ಲ. ಕಳೆದ ಶ್ರಾವಣದಲ್ಲಿ ಒಂದು ದಿನ ಬೆಳಗಿನ ಜಾವ ಎಡಸೊಂಟದಿಂದ ತೊಡೆಯ ಸಂದಿಯವರೆಗೆ ವಿಪರೀತ ನೋವು ಬಂದು, ಕಣ್ಣು ಕತ್ತಲಿಟ್ಟು ಜಗಲಿಯ ಮೇಲೆ ಕುಸಿದರು. ಐದು ನಿಮಿಷದಲ್ಲಿ ತಾವೇ ಎದ್ದು ಕುಳಿತು ನೀರು ಕೇಳಿದರು. ಹತ್ತಿರದ ಕ್ಲಿನಿಕ್ಕಿನಲ್ಲಿ ಕಿಡ್ನಿ ಕಲ್ಲಿನ ನೋವೆಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಬಾಳೆದಿಂಡಿನ ರಸ ಕುಡಿದು ಮಲಗಿದವರು ಸಂಜೆಯ ಹೊತ್ತಿಗೆ ಬೆವರಿ ಬಿಳಚಿಕೊಂಡರು. ಮೈಸೂರಿಗೆ ಕರೆದೊಯ್ಯುವಾಗ ಶ್ರೀರಂಗಪಟ್ಟಣ ದಾಟುವ ಮೊದಲೇ ಹೋಗಿಬಿಟ್ಟರು. ಹೊಟ್ಟೆಯ ಮಹಾಪಧಮನಿ ಊದಿಕೊಂಡು ಒಡೆದಿತ್ತು ಎಂದು ಅಲ್ಲಿನ ವೈದ್ಯರು ಸ್ಕ್ಯಾನ್ ಮಾಡಿ ಹೇಳಿದರು. ಬೆಳಿಗ್ಗೆಯೇ ಕರೆದೊಯ್ದಿದ್ದರೆ ಉಳಿಯುತ್ತಿದ್ದರೇ? ನನಗೆ 44 ವರ್ಷ. ಇದು ನನಗೂ ಬರಬಹುದೇ?

ಉತ್ತರ: ಉಳಿಯುವ ಸಾಧ್ಯತೆ ಇತ್ತು. ಆದರೆ ನೀವು ರಾತ್ರಿ ನಿದ್ದೆಗೆಟ್ಟು ಲೆಕ್ಕ ಹಾಕುತ್ತಿರುವಷ್ಟು ದೊಡ್ಡ ಸಾಧ್ಯತೆಯಲ್ಲ. ಈ ನಾಳ ಒಡೆದವರಲ್ಲಿ, ಆಸ್ಪತ್ರೆ ತಲುಪದವರನ್ನೂ ಸೇರಿಸಿಕೊಂಡರೆ, ಹೆಚ್ಚುಕಡಿಮೆ ನೂರಕ್ಕೆ ಎಂಬತ್ತು ಮಂದಿ ಬದುಕುವುದಿಲ್ಲ; ಜೀವಸಹಿತ ಶಸ್ತ್ರಚಿಕಿತ್ಸೆಯ ಕೋಣೆ ಸೇರಿದವರಲ್ಲೂ ಬಹಳ ಮಂದಿಯನ್ನು ಕಳೆದುಕೊಳ್ಳುತ್ತೇವೆ. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ, ಇರುವ ಲೆಕ್ಕವೇ ಇದು.

ಹೃದಯದಿಂದ ಹೊರಟ ಮಹಾಪಧಮನಿ ಎದೆಯನ್ನು ದಾಟಿ, ಹೊಟ್ಟೆಯ ಹಿಂಭಾಗದಲ್ಲಿ ಬೆನ್ನುಮೂಳೆಗೆ ಒತ್ತಿಕೊಂಡು ಇಳಿದು, ಹೊಕ್ಕಳಿನ ಮಟ್ಟದಲ್ಲಿ ಎರಡು ಕವಲಾಗುತ್ತದೆ. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸುಮಾರು 2 ಸೆಂಟಿಮೀಟರ್. ವಯಸ್ಸು, ರಕ್ತದೊತ್ತಡ, ಎಲ್ಲಕ್ಕಿಂತ ಹೆಚ್ಚಾಗಿ ಬೀಡಿ ಸಿಗರೇಟಿನ ಹೊಗೆ ಆ ನಾಳದ ಗೋಡೆಯ ಕಸುವನ್ನು ವರ್ಷಗಟ್ಟಲೆ ಸವೆಸುತ್ತವೆ. ಸವೆದ ಕಡೆ ಗೋಡೆ ನಿಧಾನವಾಗಿ ಉಬ್ಬುತ್ತದೆ. 3 ಸೆಂಟಿಮೀಟರ್ ಮುಟ್ಟಿತೆಂದರೆ ಅದನ್ನು ಊತವೆಂದೇ ಎಣಿಸುತ್ತೇವೆ. ಉಬ್ಬಿದಷ್ಟೂ ಗೋಡೆಯ ಮೇಲಿನ ಬಿಗಿತ ಹೆಚ್ಚುತ್ತದೆ, ಬಿಗಿತ ಹೆಚ್ಚಿದಷ್ಟೂ ಇನ್ನಷ್ಟು ಉಬ್ಬುತ್ತದೆ. ಇಷ್ಟಾದರೂ ನೋವಿಲ್ಲ, ಜ್ವರವಿಲ್ಲ, ಊಟ ನಿದ್ದೆಗೆ ತೊಂದರೆಯಿಲ್ಲ. ನಿಮ್ಮ ತಂದೆಯವರು ಕಡೆಯ ದಿನದವರೆಗೂ ಗದ್ದೆಗೆ ಹೋಗುತ್ತಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನು ಆ ದಿನ ನಡೆದದ್ದು. ನಿಮ್ಮ ಕಡೆಯವರಿಗೆ ನಾಲೆಯ ಏರಿ ಒಡೆಯುವುದನ್ನು ನಾನು ವಿವರಿಸಬೇಕಾಗಿಲ್ಲ. ಏರಿ ಒಡೆದ ಬಾಯಿಗೆ ಮರಳಿನ ಮೂಟೆ ಒಟ್ಟಿದರೆ ನೀರು ಸ್ವಲ್ಪ ಹೊತ್ತು ನಿಲ್ಲುತ್ತದೆ. ಮೂಟೆಯ ಹಿಂದೆ ನೀರಿನ ಮಟ್ಟ ಏರಿದರೆ ಮೂಟೆಗಳೂ ಕೊಚ್ಚಿಹೋಗುತ್ತವೆ. ಮಹಾಪಧಮನಿ ಹಿಂಬದಿಗೆ ಒಡೆದಾಗ ಆಗುವುದು ಬಹುಮಟ್ಟಿಗೆ ಇದೇ. ಮೊದಲ ಸಲ ಚಿಮ್ಮಿದ ರಕ್ತಕ್ಕೆ ರಕ್ತದೊತ್ತಡ ಕುಸಿದು ಅವರಿಗೆ ಕಣ್ಣು ಕತ್ತಲಿಟ್ಟಿತು. ಒತ್ತಡ ಕುಸಿದದ್ದರಿಂದಲೇ ರಕ್ತದ ಹರಿವು ತಗ್ಗಿತು. ಹೆಪ್ಪುಗಟ್ಟಿದ ರಕ್ತವೂ ಬೆನ್ನಿನ ಬದಿಯ ಬಿಗಿಯಾದ ಅಂಗಾಂಶವೂ ಸೇರಿ ಮರಳಿನ ಮೂಟೆಯಂತೆ ಬಾಯಿಗೆ ಒತ್ತಿ ನಿಂತವು. ಐದು ನಿಮಿಷಕ್ಕೆ ಅವರು ಎದ್ದು ನೀರು ಕೇಳಿದ್ದು ಆ ಮೂಟೆಯ ಬಲದಿಂದ. ಈ ಬಿಡುವು ಕೆಲವರಿಗೆ ಹಲವು ಗಂಟೆ ಇರುತ್ತದೆ, ಕೆಲವರಿಗೆ ಕೆಲವೇ ನಿಮಿಷ. ಅದು ಗುಣವಾದ ಲಕ್ಷಣವಲ್ಲ, ಶಸ್ತ್ರಚಿಕಿತ್ಸೆಗೆ ಸಿಕ್ಕ ಸಮಯ. ಇಂಥ ರೋಗಿ ಮಾತನಾಡುತ್ತಿದ್ದು, ನಾಡಿ ಸಿಗುತ್ತಿದ್ದರೆ, ರಕ್ತದೊತ್ತಡವನ್ನು 120ಕ್ಕೆ ಏರಿಸಲೆಂದು ಬಾಟಲಿಗಟ್ಟಲೆ ಸಲೈನ್ ಹರಿಸದೆ ಮೇಲಿನ ಸಂಖ್ಯೆ 80ರಿಂದ 90ರ ಆಸುಪಾಸಿನಲ್ಲಿದ್ದರೂ ತಾಳಿಕೊಂಡು, ನೇರವಾಗಿ ಶಸ್ತ್ರಚಿಕಿತ್ಸೆಗೆ ಒಯ್ಯುವುದು ಈಗಿನ ಪದ್ಧತಿ. ‘ಬಿಪಿ ಇಷ್ಟು ಕಡಿಮೆಯಿದ್ದರೂ ಗ್ಲೂಕೋಸ್ ಏಕೆ ಜೋರಾಗಿ ಬಿಡುತ್ತಿಲ್ಲ’ ಎಂದು ಬಂಧುಗಳು ಜಗಳಕ್ಕೆ ಬರುವುದುಂಟು, ಕಾರಣ ಇದು.

ಕಿಡ್ನಿ ಕಲ್ಲಿನ ವಿಷಯ. ಎಡಸೊಂಟದಿಂದ ತೊಡೆಯ ಸಂದಿಗೆ ಇಳಿಯುವ ನೋವು ಕಲ್ಲಿನಿಂದಲೂ ಬರುತ್ತದೆ, ಒಡೆದ ಮಹಾಪಧಮನಿಯಿಂದಲೂ ಬರುತ್ತದೆ. ಅರವತ್ತು ದಾಟಿದ ಮೇಲೆ, ಅದರಲ್ಲೂ ಬೀಡಿ ಸಿಗರೇಟು ಸೇದುವ ಗಂಡಸಿಗೆ, ಜೀವನದಲ್ಲಿ ಮೊದಲ ಸಲ ‘ಕಲ್ಲಿನ ನೋವು’ ಬಂದರೆ, ಸ್ಕ್ಯಾನಿಂಗ್ ಆಗುವವರೆಗೆ ಅದನ್ನು ಕಲ್ಲೆಂದು ಒಪ್ಪಬಾರದು ಎಂದು ನಾವು ಕಿರಿಯ ವೈದ್ಯರಿಗೆ ಹೇಳಿಕೊಡುತ್ತೇವೆ. ಕಲ್ಲಿನ ನೋವಿನಲ್ಲಿ ಮನುಷ್ಯ ಒದ್ದಾಡುತ್ತಾನೆ, ಹೊರಳುತ್ತಾನೆ, ಆದರೆ ಸಾಮಾನ್ಯವಾಗಿ ಪ್ರಜ್ಞೆ ತಪ್ಪಿ ಬೀಳುವುದಿಲ್ಲ. ನೋವಿನ ಜೊತೆಗೆ ಕುಸಿದು ಬಿದ್ದದ್ದು ಆ ದಿನ ಸಿಕ್ಕ ಒಂದೇ ಸುಳಿವು. ಆ ಸುಳಿವನ್ನು ನೀವು ಕ್ಲಿನಿಕ್ಕಿನಲ್ಲಿ ಹೇಳಿದಿರೋ, ಹೇಳಿದರೂ ಅವರು ಕಿವಿಗೆ ಹಾಕಿಕೊಂಡರೋ ನನಗೆ ತಿಳಿಯದು, ಪತ್ರ ಓದಿ ತೀರ್ಪು ಕೊಡುವುದು ನನಗೆ ಇಷ್ಟವಿಲ್ಲ. ಹೆಸರಾಂತವರನ್ನೂ ಬಿಡದ ಕಾಯಿಲೆಯಿದು. ವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನ್ ಅವರ ಹೊಟ್ಟೆಯಲ್ಲಿ ಇದೇ ಊತವಿತ್ತು. 1948ರಲ್ಲಿ ಶಸ್ತ್ರವೈದ್ಯ ರುಡಾಲ್ಫ್ ನಿಸ್ಸೆನ್ ಅದರ ಸುತ್ತ ಸೆಲ್ಲೋಫೇನ್ ಹಾಳೆ ಸುತ್ತಿ ಬಿಗಿಗೊಳಿಸಿದ್ದರು, ಏಕೆಂದರೆ ಊದಿದ ತುಂಡನ್ನು ಕತ್ತರಿಸಿ ಬದಲಿ ನಾಳ ಜೋಡಿಸುವ ವಿದ್ಯೆ ಆಗ ಇನ್ನೂ ಬಂದಿರಲಿಲ್ಲ. ಆ ಹಾಳೆಯ ಆಸರೆಯಲ್ಲಿ ಆರು ವರ್ಷಕ್ಕೂ ಹೆಚ್ಚು ಕಾಲ ಕಳೆದು, 1955ರ ಏಪ್ರಿಲ್ 18ರಂದು ಊತ ಒಡೆದೇ ಅವರು ತೀರಿಕೊಂಡರು.

ಈಗ ನಿಮ್ಮ ವಿಷಯ. ತಂದೆಗೋ ಅಣ್ಣತಮ್ಮಂದಿರಿಗೋ ಈ ಊತವಿದ್ದರೆ ಮಕ್ಕಳಿಗೂ ಒಡಹುಟ್ಟಿದವರಿಗೂ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ನಿಮ್ಮ ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆಯರು ಇದ್ದರೆ ಅವರಿಗೆ ಈ ತಿಂಗಳಲ್ಲೇ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ; ಚೀಟಿಯಲ್ಲಿ ‘ಮಹಾಪಧಮನಿಯ ಅಗಲ ಅಳೆಯಬೇಕು’ ಎಂದು ವೈದ್ಯರಿಂದ ಬರೆಸಿಕೊಂಡು ಹೋಗಿ, ಇಲ್ಲವಾದರೆ ಪಿತ್ತಕೋಶ, ಕಿಡ್ನಿ ನೋಡಿ ಕಳಿಸಿಬಿಡಬಹುದು. ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ, ಹತ್ತು ನಿಮಿಷದ ಕೆಲಸ. ನೀವು ಐವತ್ತು ದಾಟಿದ ಮೇಲೆ ಮಾಡಿಸಿಕೊಂಡರೆ ಸಾಕು. ಊತ ಚಿಕ್ಕದಿದ್ದರೆ ಗೊತ್ತುಪಡಿಸಿದ ಅಂತರದಲ್ಲಿ ಅಳೆಯುತ್ತಾ ಹೋಗುತ್ತೇವೆ, ಗಂಡಸರಲ್ಲಿ 5.5, ಹೆಂಗಸರಲ್ಲಿ 5 ಸೆಂಟಿಮೀಟರ್ ಮುಟ್ಟಿದರೆ ಒಡೆಯುವ ಮುನ್ನವೇ ಸರಿಪಡಿಸುವುದು ಲೇಸು. ಹೊಟ್ಟೆ ಕೊಯ್ದು ಬದಲಿ ನಾಳ ಹೊಲಿಯುವುದು ಒಂದು ದಾರಿ, ತೊಡೆಯ ಸಂದಿಯ ನಾಳದಿಂದ ಮಡಿಸಿದ ಸ್ಟೆಂಟ್ ತೂರಿಸಿ ಒಳಗಿನಿಂದಲೇ ಅಸ್ತರಿ ಕೊಡುವುದು ಇನ್ನೊಂದು. ಹೀಗೆ ಮುಂಚೆಯೇ ಮಾಡಿಸಿಕೊಂಡವರಲ್ಲಿ, ಅನುಭವವಿರುವ ಕೇಂದ್ರಗಳಲ್ಲಿ, ಸಾವು ನೂರಕ್ಕೆ ಐದಕ್ಕಿಂತ ಕಡಿಮೆ. ಒಡೆದ ಮೇಲಿನ ಲೆಕ್ಕವನ್ನು ಮೇಲೆ ಹೇಳಿದ್ದೇನೆ. ಬೀಡಿ ಸೇದುವ ಅಭ್ಯಾಸ ನಿಮಗಿದೆಯೇ ಎಂದು ನೀವು ಬರೆದಿಲ್ಲ. ಇದ್ದರೆ, ಅದನ್ನು ಬಿಡಲು ಐವತ್ತಾಗುವವರೆಗೆ ಕಾಯಬೇಡಿ.

ಪ್ರಶ್ನೆ: ನನಗೆ 31 ವರ್ಷ, ಪಾಂಡವಪುರ ತಾಲ್ಲೂಕು. ಇಬ್ಬರು ಮಕ್ಕಳಾದ ಮೇಲೆ ನಾಲ್ಕು ವರ್ಷದ ಹಿಂದೆ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡಿದ್ದೆ. ಈ ಸಲ ಮುಟ್ಟು ಹತ್ತು ದಿನ ತಡವಾಗಿ, ಕಂದು ಬಣ್ಣದಲ್ಲಿ ಸ್ವಲ್ಪ ಸ್ವಲ್ಪವೇ ಹೋಗುತ್ತಿತ್ತು. ಮೂರನೆಯ ದಿನ ಕೆಳಹೊಟ್ಟೆಯ ಬಲಗಡೆ ಚುಚ್ಚಿದಂತಾಗಿ, ಕಕ್ಕಸಿಗೆ ಹೋಗಬೇಕೆನಿಸಿ ಎದ್ದವಳು ಬಾಗಿಲಲ್ಲೇ ಬಿದ್ದೆ. ಮಲಗಿಸಿದರೆ ಬಲಭುಜ ಸಿಡಿಯುತ್ತಿತ್ತು; ಬಿದ್ದಾಗ ಉಳುಕಿರಬೇಕೆಂದು ಅತ್ತೆಯವರು ಎಣ್ಣೆ ಹಚ್ಚಿದರು. ಆಸ್ಪತ್ರೆಯಲ್ಲಿ ಟ್ಯೂಬಿನಲ್ಲಿ ಗರ್ಭ ನಿಂತು ಒಡೆದಿದೆ, ಹೊಟ್ಟೆಯಲ್ಲಿ ಒಂದೂವರೆ ಲೀಟರ್ ರಕ್ತವಿದೆ ಎಂದು ಆಪರೇಷನ್ ಮಾಡಿ ಉಳಿಸಿದರು. ಆಪರೇಷನ್ ಆದವಳಿಗೆ ಗರ್ಭ ಹೇಗೆ ನಿಂತಿತು ಎಂಬ ಮಾತು ಈಗ ಊರಿನಲ್ಲಿ ಎದ್ದಿದೆ. ಪರಂಗಿಹಣ್ಣು ತಿಂದದ್ದರಿಂದ ಟ್ಯೂಬು ಒಡೆಯಿತು ಎಂದೂ ಹೇಳುತ್ತಾರೆ. ದಯವಿಟ್ಟು ಎಲ್ಲರೂ ಓದುವಂತೆ ಉತ್ತರಿಸಿ.

ಉತ್ತರ: ಎಲ್ಲರೂ ಓದಲಿ ಎಂದೇ ಬರೆಯುತ್ತಿದ್ದೇನೆ. ಸಂತಾನಹರಣ ಶಸ್ತ್ರಚಿಕಿತ್ಸೆ ಬಹಳ ನಂಬಿಕೆಯ ವಿಧಾನ, ಆದರೆ ನೂರಕ್ಕೆ ನೂರು ಅಲ್ಲ. ಕಟ್ಟಿ ಕತ್ತರಿಸಿದ ಗರ್ಭನಾಳದ ತುದಿಗಳು ಕೆಲವು ಹೆಂಗಸರಲ್ಲಿ ವರ್ಷಗಳ ನಂತರ ಸಣ್ಣ ದಾರಿ ಮಾಡಿಕೊಂಡು ಕೂಡಿಕೊಳ್ಳುತ್ತವೆ. ಆ ದಾರಿ ವೀರ್ಯಾಣು ನುಸುಳುವಷ್ಟು ಅಗಲವಿದ್ದು, ಫಲಿತ ಅಂಡ ಗರ್ಭಕೋಶಕ್ಕೆ ಸಾಗುವಷ್ಟು ಅಗಲವಿರುವುದಿಲ್ಲ. ಹಾಗಾಗಿ ಅದು ನಾಳದಲ್ಲೇ ನೆಲೆಯೂರುತ್ತದೆ. ಶಸ್ತ್ರಚಿಕಿತ್ಸೆ ವಿಫಲವಾಗಿ ನಿಂತ ಗರ್ಭಗಳಲ್ಲಿ ಸುಮಾರು ಮೂರರಲ್ಲಿ ಒಂದು ಹೀಗೆ ಗರ್ಭಕೋಶದ ಹೊರಗೆ ನಿಲ್ಲುತ್ತದೆ, ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದವರ ಗರ್ಭಗಳಲ್ಲಿ ಅದು ನೂರರಲ್ಲಿ ಒಂದೋ ಎರಡೋ ಮಾತ್ರ. ನಿಮಗೆ ಆಗಿರುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ, ಪಠ್ಯಪುಸ್ತಕದಲ್ಲಿ ಬರೆದಿರುವ ಸಂಗತಿ. ಅದರಿಂದ ನಿಮ್ಮ ನಡತೆಯ ಬಗ್ಗೆ ಯಾರೂ ಏನನ್ನೂ ತೀರ್ಮಾನಿಸಲಾಗದು, ತೀರ್ಮಾನಿಸುವವರು ಈ ಪುಟವನ್ನು ಹಿಡಿದುಕೊಂಡು ತಮ್ಮೂರಿನ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಲಿ.

ಪರಂಗಿಹಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ಗರ್ಭಕೋಶದ ಗೋಡೆ ದಪ್ಪನೆಯ ಸ್ನಾಯು, ಗರ್ಭ ಬೆಳೆದಂತೆ ಅದೂ ಹಿಗ್ಗುತ್ತದೆ. ಗರ್ಭನಾಳಕ್ಕೆ ಆ ಶಕ್ತಿಯಿಲ್ಲ. ಬೆಳೆಯುವ ಭ್ರೂಣದ ಬೇರುಗಳು ನಾಳದ ತೆಳ್ಳನೆಯ ಗೋಡೆಯನ್ನೂ ಅದರ ರಕ್ತನಾಳಗಳನ್ನೂ ಕೊರೆಯುತ್ತವೆ. ಸಾಮಾನ್ಯವಾಗಿ ಆರರಿಂದ ಎಂಟನೆಯ ವಾರದೊಳಗೆ, ಎಷ್ಟೋ ಸಲ ತಾನು ಗರ್ಭಿಣಿಯೆಂದು ಹೆಂಗಸಿಗೆ ಗೊತ್ತಾಗುವ ಮುನ್ನವೇ, ಅದು ಒಡೆಯುತ್ತದೆ. ಹೊರಗೆ ಕಾಣುವ ಕಂದು ಬಣ್ಣದ ಸ್ರಾವ ಚಮಚದಷ್ಟಿದ್ದರೆ ಒಳಗೆ ಸೇರುವುದು ಲೀಟರಿನಷ್ಟಿರುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಎರಡು ಮಾತುಗಳಿವೆ. ಒಂದು, ಕಕ್ಕಸಿಗೆ ಹೋಗಬೇಕೆನಿಸಿದ್ದು. ಹೊಟ್ಟೆಯೊಳಗೆ ಸುರಿದ ರಕ್ತ ಗರ್ಭಕೋಶಕ್ಕೂ ಗುದನಾಳಕ್ಕೂ ನಡುವಿನ ತಗ್ಗಿನಲ್ಲಿ ಮೊದಲು ಸೇರುತ್ತದೆ, ಅಲ್ಲಿ ಒತ್ತಿದಾಗ ಮಲವಿಸರ್ಜನೆಗೆ ಬಂದಂತೆ ಭಾಸವಾಗುತ್ತದೆ. ಕಕ್ಕಸಿನಲ್ಲಿ ಕುಸಿದು ಬಿದ್ದ ಸ್ಥಿತಿಯಲ್ಲಿ ಸಿಗುವ ಇಂಥ ರೋಗಿಗಳನ್ನು ನಾವು ಬಹಳ ಕಾಣುತ್ತೇವೆ. ಇನ್ನೊಂದು ಭುಜದ ನೋವು. ಎದೆ ಹೊಟ್ಟೆಗಳ ನಡುವಿನ ವಪೆಗೆ ಹೋಗುವ ನರ ಹೊರಡುವುದು ಕುತ್ತಿಗೆಯಿಂದ. ಭುಜದ ತುದಿಯ ಚರ್ಮಕ್ಕೆ ಹೋಗುವ ನರಗಳೂ ಅದೇ ಮಟ್ಟದಿಂದ ಹೊರಡುತ್ತವೆ. ಮಲಗಿದಾಗ ರಕ್ತ ಮೇಲಕ್ಕೆ ಹರಿದು ವಪೆಯನ್ನು ಕೆರಳಿಸಿದರೆ, ಮಿದುಳು ಆ ದೂರನ್ನು ಭುಜದ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಎಣ್ಣೆ ಹಚ್ಚಿದ ನಿಮ್ಮ ಅತ್ತೆಯವರದು ತಪ್ಪಲ್ಲ, ಅವರಿಗೆ ಇದು ತಿಳಿಯಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಆದರೆ ಮುಟ್ಟು ತಪ್ಪಿದ ಅಥವಾ ಎಂದಿನಂತಿಲ್ಲದ ಹೆಂಗಸಿಗೆ ಕೆಳಹೊಟ್ಟೆಯ ನೋವು, ತಲೆಸುತ್ತು, ಭುಜದ ನೋವು ಒಟ್ಟಿಗೆ ಬಂದರೆ, ಆಕೆಗೆ ಆಪರೇಷನ್ ಆಗಿರಲಿ, ಕಾಪರ್-ಟಿ ಹಾಕಿರಲಿ, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಬೇಕು. ಔಷಧಿ ಅಂಗಡಿಯ ಮೂತ್ರ ಪರೀಕ್ಷೆಯ ಕಿಟ್ ಗರ್ಭವಿದೆಯೆಂದು ಹೇಳಬಲ್ಲದು, ಎಲ್ಲಿದೆಯೆಂದು ಹೇಳಲಾರದು. ಅದಕ್ಕೆ ಸ್ಕ್ಯಾನಿಂಗ್ ಬೇಕು. ಒಡೆಯುವ ಮುನ್ನ, ಚಿಕ್ಕದಿರುವಾಗಲೇ ಸಿಕ್ಕರೆ ಮೆಥೋಟ್ರೆಕ್ಸೇಟ್ ಎಂಬ ಚುಚ್ಚುಮದ್ದಿನಿಂದಲೇ ಕರಗಿಸುವುದು ಎಷ್ಟೋ ಮಂದಿಯಲ್ಲಿ ಸಾಧ್ಯ.

ಒಮ್ಮೆ ಹೀಗಾದವರಿಗೆ ಇನ್ನೊಂದು ನಾಳದಲ್ಲೂ ಆಗುವ ಸಂಭವ ಉಳಿದವರಿಗಿಂತ ಹೆಚ್ಚು. ಆಪರೇಷನ್ ಮಾಡಿದಾಗ ಇನ್ನೊಂದು ಕಡೆಯ ನಾಳವನ್ನು ಏನು ಮಾಡಿದರು ಎಂಬುದನ್ನು ಬಿಡುಗಡೆಯ ಚೀಟಿಯಲ್ಲಿ ನೋಡಿಕೊಳ್ಳಿ. ಸಂತಾನಹರಣ ಶಸ್ತ್ರಚಿಕಿತ್ಸೆ ವಿಫಲವಾದವರಿಗೆ ಸರ್ಕಾರದ ಪರಿಹಾರ ಯೋಜನೆಯೂ ಇದೆ. ಅದಕ್ಕೆ ಕಾಲಮಿತಿ ಇರುವುದರಿಂದ, ನಾಲ್ಕು ವರ್ಷದ ಹಿಂದಿನ ಪ್ರಮಾಣಪತ್ರವನ್ನೂ ಈಗಿನ ಚೀಟಿಯನ್ನೂ ತೆಗೆದುಕೊಂಡು ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ತಡಮಾಡದೆ ವಿಚಾರಿಸಿ.

ಪ್ರಶ್ನೆ: ಮೈಸೂರಿನಲ್ಲಿ ಓದುತ್ತಿರುವ ನನ್ನ ಅಕ್ಕನ ಮಗನಿಗೆ (23 ವರ್ಷ) ಜ್ವರ ಬಂದು ಬಿಟ್ಟ ವಾರದಲ್ಲಿ ಗುಲ್ಮ (ಎಡಪಕ್ಕೆಯ ಒಳಗಿರುವ ಸ್ಪ್ಲೀನ್) ಒಡೆಯಿತು. ದಾಖಲಾದಾಗ ಹಿಮೋಗ್ಲೋಬಿನ್ 12.4 ಇತ್ತು. ಆದರೂ ನಾಲ್ಕು ಬಾಟಲಿ ರಕ್ತ ಬೇಕು, ಕೂಡಲೇ ಆಪರೇಷನ್ ಆಗಬೇಕು ಎಂದರು. 12 ಇರುವವನಿಗೆ ರಕ್ತ ಏಕೆ ಎಂದು ನಮಗೆ ಅನುಮಾನ ಬಂದು, ಸಹಿ ಹಾಕಲು ಒಂದು ಗಂಟೆ ತಡಮಾಡಿದೆವು. ಮರುದಿನದ ವರದಿಯಲ್ಲಿ 7 ಎಂದಿತ್ತು. ಮೊದಲ ವರದಿ ತಪ್ಪೇ? ರಕ್ತನಿಧಿಯಲ್ಲಿ ನಾವು ಮೂವರು ಕೊಟ್ಟ ರಕ್ತವನ್ನು ಅವನಿಗೆ ಹಾಕಲಿಲ್ಲವಂತೆ, ಇದು ಸರಿಯೇ?

ಉತ್ತರ: ಮೊದಲ ವರದಿಯೂ ಸರಿ, ಎರಡನೆಯದೂ ಸರಿ. ಒಂದು ಪಾತ್ರೆ ಮಜ್ಜಿಗೆಯಲ್ಲಿ ಅರ್ಧವನ್ನು ಚೆಲ್ಲಿದಿರೆಂದುಕೊಳ್ಳಿ. ಉಳಿದರ್ಧ ಮೊದಲಿನಷ್ಟೇ ಗಟ್ಟಿಯಾಗಿರುತ್ತದೆ. ಅದಕ್ಕೆ ನೀರು ಬೆರೆಸಿದಾಗ ಮಾತ್ರ ತೆಳುವಾಗುತ್ತದೆ. ಹಿಮೋಗ್ಲೋಬಿನ್ ಪರೀಕ್ಷೆ ಅಳೆಯುವುದು ಗಟ್ಟಿತನವನ್ನು, ಪಾತ್ರೆಯಲ್ಲಿ ಎಷ್ಟು ಉಳಿದಿದೆ ಎಂಬುದನ್ನಲ್ಲ. ರಕ್ತ ಹೋದ ಹಲವು ಗಂಟೆಗಳಲ್ಲಿ ದೇಹದ ಬೇರೆ ಕಡೆಯ ನೀರಿನಂಶ ರಕ್ತನಾಳಕ್ಕೆ ಬಂದು ಸೇರಿ, ನಾವು ಕೊಟ್ಟ ಸಲೈನೂ ಸೇರಿ, ಸಂಖ್ಯೆ ಇಳಿಯುತ್ತದೆ. ಆ ಇಳಿತಕ್ಕೆ ಕಾಯುತ್ತಾ ಕುಳಿತ ವೈದ್ಯ ರೋಗಿಯನ್ನು ಕಳೆದುಕೊಳ್ಳುತ್ತಾನೆ.

ದೇಹದ ತೂಕದ ಒಂದೊಂದು ಕಿಲೋಗೂ ಸುಮಾರು 70 ಮಿಲಿಲೀಟರ್ ರಕ್ತವಿರುತ್ತದೆ. 60 ಕಿಲೋ ತೂಗುವ ಹುಡುಗನಲ್ಲಿ ಒಟ್ಟು 4 ಲೀಟರ್ ಮೇಲೆ ಸ್ವಲ್ಪ. ಅದರಲ್ಲಿ ಆರನೆಯ ಒಂದು ಭಾಗ ಹೋದರೂ ಹೊರಗೆ ಹೆಚ್ಚೇನೂ ತಿಳಿಯುವುದಿಲ್ಲ. ಅದನ್ನು ಮೀರಿದರೆ ನಾಡಿ ಓಡತೊಡಗುತ್ತದೆ, ಕೈಕಾಲು ತಣ್ಣಗಾಗುತ್ತವೆ, ಮೂತ್ರ ಕಡಿಮೆಯಾಗುತ್ತದೆ, ರೋಗಿ ಕಾರಣವಿಲ್ಲದೆ ಚಡಪಡಿಸುತ್ತಾನೆ. ರಕ್ತದೊತ್ತಡ ಇಳಿಯುವುದು ಸಾಮಾನ್ಯವಾಗಿ ಮೂರನೆಯ ಒಂದು ಭಾಗದಷ್ಟು ಹೋದ ಮೇಲೆ. ಇಪ್ಪತ್ತರ ಹರೆಯದವರ ರಕ್ತನಾಳಗಳು ಗಟ್ಟಿಯಾಗಿ ಬಿಗಿದುಕೊಂಡು ಒತ್ತಡವನ್ನು ಕೊನೆಯವರೆಗೂ ಹಿಡಿದಿಟ್ಟು, ಆಮೇಲೆ ಒಮ್ಮೆಲೇ ಕೈಬಿಡುತ್ತವೆ. ಆದ್ದರಿಂದ ನಾವು ನೋಡುವುದು ನಾಡಿಯನ್ನು, ಕಣ್ಣುರೆಪ್ಪೆಯ ಒಳಬಣ್ಣವನ್ನು, ಹಣೆಯ ಬೆವರನ್ನು, ಮತ್ತು ಮಂಚದ ಪಕ್ಕದಲ್ಲೇ ಇಡುವ ಅಲ್ಟ್ರಾಸೌಂಡಿನಲ್ಲಿ ಹೊಟ್ಟೆಯೊಳಗೆ ಕಪ್ಪಗೆ ಕಾಣುವ ದ್ರವವನ್ನು. ನಾಲ್ಕು ಬಾಟಲಿ ಕೇಳಿದ್ದು ಹೆಚ್ಚಲ್ಲ. ನಮ್ಮಲ್ಲಿ ಒಬ್ಬ ದಾನಿಯಿಂದ ಸಾಮಾನ್ಯವಾಗಿ ತೆಗೆಯುವುದು 350 ಮಿಲಿಲೀಟರ್ ಮಾತ್ರ. ನೀವು ತಡಮಾಡಿದ ಒಂದು ಗಂಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹುಡುಗ ಉಳಿದಿದ್ದಾನೆ. ಆದರೆ ಹಿಮೋಗ್ಲೋಬಿನ್ ಅಂದರೇನು, ರಕ್ತದ ಮೊತ್ತ ಅಂದರೇನು ಎಂದು ಎರಡು ಮಾತಿನಲ್ಲಿ ವಿವರಿಸದೆ ಸಹಿಗೆ ಕಾಗದ ಚಾಚುವ ನಮ್ಮ ವೃತ್ತಿಯವರ ಅವಸರಕ್ಕೂ ಆ ಗಂಟೆಯಲ್ಲಿ ಪಾಲಿದೆ.

ನೀವು ಕೊಟ್ಟ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾಗಳಿಗೆ ಪರೀಕ್ಷಿಸಿದ ನಂತರವೇ ಯಾರಿಗಾದರೂ ಕೊಡುವುದು. ಅಷ್ಟು ಹೊತ್ತು ನಿಮ್ಮ ಹುಡುಗ ಕಾಯುವಂತಿರಲಿಲ್ಲ. ಬೇರೆ ಯಾರೋ ಮೊದಲೇ ಕೊಟ್ಟು, ಪರೀಕ್ಷೆಯಾಗಿ ಶೀತಪೆಟ್ಟಿಗೆಯಲ್ಲಿದ್ದ ರಕ್ತ ಅವನಿಗೆ ಹೋಯಿತು, ನಿಮ್ಮದು ಇನ್ಯಾರಿಗೋ ಹೋಗುತ್ತದೆ. ಒಂದು ಮುಖ್ಯ ಸೂಚನೆ: ಗುಲ್ಮವನ್ನು ತೆಗೆದುಹಾಕಿದ್ದರೆ, ನ್ಯುಮೋಕಾಕಸ್, ಮೆನಿಂಗೋಕಾಕಸ್ ಮುಂತಾದ ಸೋಂಕುಗಳ ಲಸಿಕೆ ಅವನಿಗೆ ಆಗಬೇಕು. ಜೀವನಪೂರ್ತಿ, ಜ್ವರ ಬಂದ ದಿನವೇ ವೈದ್ಯರ ಬಳಿಗೆ ಹೋಗಿ ‘ನನಗೆ ಗುಲ್ಮವಿಲ್ಲ’ ಎಂದು ಹೇಳಬೇಕು.

ಪ್ರಶ್ನೆ: ನನ್ನ ಮಗ ಹುಣಸೂರಿನಲ್ಲಿ ಪಿಯುಸಿ ಓದುತ್ತಿದ್ದಾನೆ, ಕಬಡ್ಡಿ ಆಟಗಾರ. ಜ್ವರದಿಂದ ಗುಲ್ಮ ಎರಡು ಬೆರಳಿನಷ್ಟು ಊದಿದೆ ಎಂದಿದ್ದಾರೆ. ಜ್ವರ ಬಿಟ್ಟು ವಾರವಾಯಿತು. ಮುಂದಿನ ವಾರದ ಪಂದ್ಯಕ್ಕೆ ಕಳಿಸಬಹುದೇ?

ಉತ್ತರ: ಬೇಡ. ಗುಲ್ಮ ಊದಿದಾಗ ಪಕ್ಕೆಲುಬಿನ ಆಸರೆಯಿಂದ ಕೆಳಗಿಳಿಯುತ್ತದೆ, ಅದರ ಹೊದಿಕೆ ಬಿಗಿದು ತೆಳುವಾಗಿರುತ್ತದೆ. ಮೇಲೆ ಇಬ್ಬರು ಬೀಳುವ ಆಟವಿರಲಿ, ಜೋರಾದ ಸೀನು ಕೆಮ್ಮಿಗೂ ಅದು ಒಡೆದ ಉದಾಹರಣೆಗಳು, ಅಪರೂಪಕ್ಕಾದರೂ, ಇವೆ. ಸ್ಕ್ಯಾನಿಂಗಿನಲ್ಲಿ ಗುಲ್ಮ ಮೊದಲಿನ ಗಾತ್ರಕ್ಕೆ ಬಂದಿದೆಯೆಂದು ಖಚಿತವಾದ ಮೇಲೆ ಆಡಲಿ. ಅಲ್ಲಿಯವರೆಗೆ ಹರಳೆಣ್ಣೆ ಹಚ್ಚಿ ಹೊಟ್ಟೆ ನೀವಿಸುವುದನ್ನೂ ಬಿಡಿ. ಎಡಗಡೆಯ ಪಕ್ಕೆಯ ಕೆಳಗೆ ಅಥವಾ ಎಡಭುಜದಲ್ಲಿ ಹಠಾತ್ತನೆ ನೋವು ಬಂದರೆ ಮರುದಿನಕ್ಕೆ ಕಾಯಬೇಡಿ.

ಪ್ರಶ್ನೆ: ನನ್ನ ತಾಯಿಯವರಿಗೆ 58 ವರ್ಷ. ಹೃದಯದ ಕವಾಟ ಬದಲಾಯಿಸಿ ಒಂಬತ್ತು ವರ್ಷವಾಗಿದೆ, ರಕ್ತ ತೆಳು ಮಾಡುವ ಅಸಿಟ್ರಾಂ ಮಾತ್ರೆ ನಡೆಯುತ್ತಿದೆ. ಹದಿನೈದು ದಿನದ ಕೆಮ್ಮಿಗೆ ಔಷಧಿ ಅಂಗಡಿಯಿಂದ ಆಂಟಿಬಯೋಟಿಕ್ಕನ್ನೂ ಮೈಕೈ ನೋವಿನ ಮಾತ್ರೆಯನ್ನೂ ತಂದುಕೊಟ್ಟಿದ್ದೆವು. ಈಗ ಹೊಕ್ಕಳಿನ ಬಲಗಡೆ ನೋವಿನ ಗಡ್ಡೆಯೊಂದು ಎದ್ದು ಚರ್ಮ ನೀಲಿಯಾಗಿದೆ. ಮಾತ್ರೆ ನಿಲ್ಲಿಸೋಣವೇ? ಸೊಪ್ಪು ತಿನ್ನಬಾರದು ಎನ್ನುತ್ತಾರೆ, ನಿಜವೇ?

ಉತ್ತರ: ಈ ಪತ್ರ ಅಂಚೆಯಲ್ಲಿ ಬರುವಷ್ಟು ದಿನ ನೀವು ಕಾಯಬಾರದಿತ್ತು. ಪತ್ರದಲ್ಲಿದ್ದ ದೂರವಾಣಿಗೆ ಕರೆ ಮಾಡಿ, ಅವರು ಆಸ್ಪತ್ರೆ ಸೇರಿದ್ದಾರೆಂದು ತಿಳಿದ ಮೇಲೆ ಉಳಿದ ಓದುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೆಮ್ಮಿನ ರಭಸಕ್ಕೆ ಹೊಟ್ಟೆಯ ಮುಂಗೋಡೆಯ ಸ್ನಾಯುವಿನೊಳಗಿನ ಸಣ್ಣ ರಕ್ತನಾಳ ಹರಿದು, ರಕ್ತ ಅಲ್ಲೇ ಹೆಪ್ಪುಗಟ್ಟಿ ಗಡ್ಡೆಯಾಗಿದೆ. ಎಲ್ಲರಿಗೂ ಇಂಥ ನಾಳ ಹರಿಯುವುದುಂಟು, ತಾನೇ ನಿಲ್ಲುತ್ತದೆ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಲ್ಲಿ ನಿಲ್ಲದೆ ಲೀಟರಿನವರೆಗೂ ಹೋಗಬಹುದು. ಮೆಟ್ರೋನಿಡಜೋಲ್, ಕೋಟ್ರೈಮಾಕ್ಸಜೋಲ್ ಮುಂತಾದ ಹಲವು ಆಂಟಿಬಯೋಟಿಕ್ಕುಗಳು ಅಸಿಟ್ರಾಂನ ಬಲವನ್ನು ಒಮ್ಮೆಲೇ ಹೆಚ್ಚಿಸುತ್ತವೆ. ಡೈಕ್ಲೋಫಿನ್ಯಾಕಿನಂತಹ ನೋವಿನ ಮಾತ್ರೆ ಬೇರೆ ದಾರಿಯಿಂದ ರಕ್ತಸ್ರಾವಕ್ಕೆ ನೆರವಾಗುತ್ತದೆ. ಹೊಸ ಮಾತ್ರೆ ಯಾವುದೇ ಇರಲಿ, ಬರೆಯುವ ವೈದ್ಯರಿಗೆ ಕವಾಟದ ವಿಷಯ ಮೊದಲು ಹೇಳಬೇಕು, ಕೆಲವು ದಿನದಲ್ಲೇ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತಿಳಿಸುವ ಐಎನ್‌ಆರ್ ಪರೀಕ್ಷೆ ಮಾಡಿಸಬೇಕು.

ಆದರೆ ಹೆದರಿ ಮನೆಯಲ್ಲೇ ಅಸಿಟ್ರಾಂ ನಿಲ್ಲಿಸಬೇಡಿ. ಕೃತಕ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದರೆ ಪಾರ್ಶ್ವವಾಯು ಆಗಬಹುದು, ಕವಾಟವೇ ಕಚ್ಚಿಕೊಂಡು ನಿಲ್ಲಬಹುದು. ಎಷ್ಟು ದಿನ ನಿಲ್ಲಿಸಬೇಕು, ನಡುವೆ ಏನು ಕೊಡಬೇಕು ಎಂಬುದನ್ನು ಆಸ್ಪತ್ರೆಯಲ್ಲಿ ಅಳೆದು ತೂಗಿ ನಿರ್ಧರಿಸುತ್ತಾರೆ. ಸೊಪ್ಪಿನ ಮಾತು ಅರ್ಧ ನಿಜ. ಸೊಪ್ಪಿನಲ್ಲಿರುವ ಕೆ ಜೀವಸತ್ವ ಮಾತ್ರೆಯ ಬಲವನ್ನು ತಗ್ಗಿಸುತ್ತದೆ. ಬಸ್ಸಾರು, ಉಪ್ಸಾರು ಇಲ್ಲದೆ ನಮ್ಮ ಕಡೆಯವರಿಗೆ ಊಟ ಸೇರುವುದಿಲ್ಲವೆಂದು ನನಗೆ ಗೊತ್ತು. ತಿನ್ನಲಿ, ಆದರೆ ಪ್ರತಿ ವಾರವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಲಿ, ಆ ಅಳತೆಗೆ ಮಾತ್ರೆಯನ್ನು ಹೊಂದಿಸುತ್ತಾರೆ.

ಪ್ರಶ್ನೆ: ನಮ್ಮದು ಮಳವಳ್ಳಿ ತಾಲ್ಲೂಕಿನ ಒಳಗಿನ ಹಳ್ಳಿ. ಇಂಥ ಸಂದರ್ಭದಲ್ಲಿ ಆಂಬುಲೆನ್ಸ್ ಬರುವವರೆಗೆ ನಾವು ಮಾಡಬಹುದಾದದ್ದು ಏನಾದರೂ ಇದೆಯೇ? ಇಲ್ಲಿ ಸಾಮಾನ್ಯವಾಗಿ ಬೈಕಿನಲ್ಲೇ ಕರೆದುಕೊಂಡು ಹೋಗುತ್ತಾರೆ.

ಉತ್ತರ: ಒಳಗಿನ ರಕ್ತಸ್ರಾವವನ್ನು ಮನೆಯಲ್ಲಿ ನಿಲ್ಲಿಸಲು ಆಗುವುದಿಲ್ಲ, ಹೆಚ್ಚಿಸದೆ ಇರಲು ಆಗುತ್ತದೆ. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗುವುದೇ ನಾನು ಕಂಡಿರುವ ದೊಡ್ಡ ತಪ್ಪು. ನೆಟ್ಟಗೆ ಕೂರಿಸಿದಾಗ ಉಳಿದಿರುವ ಅಲ್ಪ ರಕ್ತವೂ ಕಾಲಿನ ಕಡೆಗೆ ಇಳಿದು ಮಿದುಳಿಗೆ ಸಾಲದಾಗುತ್ತದೆ. ಹಿಂದೆ ಕೂತವರು ತಲೆ ವಾಲಿದ್ದನ್ನು ನಿದ್ದೆಯೆಂದುಕೊಳ್ಳುತ್ತಾರೆ. 108ಕ್ಕೆ ಕರೆ ಮಾಡಿ. ಅದು ಬರುವುದು ತೀರಾ ತಡವೆಂದಾದರೆ ಊರಿನ ಕಾರನ್ನೋ ಗೂಡ್ಸ್ ಆಟೋವನ್ನೋ ಹಿಡಿದು, ಹಾಸಿಗೆ ಹಾಸಿ, ಅಂಗಾತ ಮಲಗಿಸಿ, ಕಾಲಿನ ಕೆಳಗೆ ದಿಂಬಿಟ್ಟು ಕರೆದೊಯ್ಯಿರಿ. ವಾಂತಿ ಬಂದರೆ ಪಕ್ಕಕ್ಕೆ ಹೊರಳಿಸಿ. ಬೆವರಿದ್ದಾರೆಂದು ಫ್ಯಾನ್ ಹಾಕದೆ ಕಂಬಳಿ ಹೊದೆಸಿ, ಏಕೆಂದರೆ ಮೈ ತಣ್ಣಗಾದಷ್ಟೂ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಗ್ಗುತ್ತದೆ. ಸೋಡಾ, ಈನೋ, ಎಳನೀರು, ಕಾಫಿ ಏನನ್ನೂ ಕುಡಿಸಬೇಡಿ. ಬಾಯಾರಿಕೆ ಎಂದು ಅವರು ಅಂಗಲಾಚುತ್ತಾರೆ, ಆ ಬಾಯಾರಿಕೆಯೇ ರಕ್ತ ಹೋಗುತ್ತಿರುವುದರ ಗುರುತು. ತುಟಿಗೆ ಒದ್ದೆ ಬಟ್ಟೆ ಒತ್ತಿದರೆ ಸಾಕು. ತಿನ್ನುತ್ತಿರುವ ಮಾತ್ರೆಗಳ ಚೀಟಿ, ಹಳೆಯ ಸ್ಕ್ಯಾನಿಂಗ್ ವರದಿಗಳನ್ನು ಕೈಚೀಲಕ್ಕೆ ಹಾಕಿಕೊಳ್ಳಿ.

ಎಲ್ಲಿಗೆ ಹೋಗಬೇಕು ಎಂಬುದೂ ಅಷ್ಟೇ ಮುಖ್ಯ. ಒಂದಾದ ಮೇಲೊಂದು ನರ್ಸಿಂಗ್ ಹೋಮಿನ ಬಾಗಿಲು ತಟ್ಟಿ, ಪ್ರತಿಯೊಂದರಲ್ಲೂ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು ಮುಂದೆ ಹೋಗುವುದರಲ್ಲಿ ಅಮೂಲ್ಯವಾದ ಹೊತ್ತು ಕಳೆಯುತ್ತದೆ. ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು, ರಕ್ತನಿಧಿ ಈ ಮೂರೂ ರಾತ್ರಿಯ ಹೊತ್ತಿನಲ್ಲೂ ಒಂದೇ ಕಡೆ ಇರುವಲ್ಲಿಗೆ, ಅಂದರೆ ನಿಮ್ಮ ಕಡೆಯಿಂದ ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಮೈಸೂರಿನ ದೊಡ್ಡ ಆಸ್ಪತ್ರೆಗೋ, ನೇರವಾಗಿ ಹೋಗಿ. ತುರ್ತು ಚಿಕಿತ್ಸೆಯ ಬಾಗಿಲಲ್ಲಿ ‘ಹೊಟ್ಟೆನೋವು’ ಎಂದಷ್ಟೇ ಹೇಳಿದರೆ ಸರದಿಯಲ್ಲಿ ಕೂರಿಸುತ್ತಾರೆ. ‘ಹಠಾತ್ತನೆ ನೋವು ಬಂದು, ಕುಸಿದು ಬಿದ್ದು, ಬಿಳಚಿಕೊಂಡಿದ್ದಾರೆ’ ಎಂದು ಹೇಳಿ. ಹೆಂಗಸಾದರೆ ಕೊನೆಯ ಮುಟ್ಟಿನ ದಿನಾಂಕವನ್ನೂ ಸೇರಿಸಿ ಹೇಳಿ.